ಖುರ್ದಾದ್ ತಿಂಗಳ ಹಗೇವು

ದಿಲ್ಲಿಯಿಂದ ಬಂದ ಅರ್ಜಿ ನಮೂನೆಯಲ್ಲಿ ಏಳನೆಯ ಕಾಲಂಗೆ ಒಂದು ಪೂರ್ತಿ ಪುಟ ಖಾಲಿ ಬಿಟ್ಟಿದ್ದರು. 'ಈ ವಿಷಯದಲ್ಲಿ ಇದುವರೆಗೆ ನಡೆದಿರುವ ಕೆಲಸ' ಎಂದು ಮೇಲೆ ಅಚ್ಚಾಗಿತ್ತು. ಹೆಸರು, ವಿದ್ಯಾರ್ಹತೆ, ಕಾಲೇಜಿನ ವಿಳಾಸ ಎಲ್ಲವನ್ನೂ ನಾನು ಒಂದು ಮಧ್ಯಾಹ್ನದಲ್ಲಿ ತುಂಬಿ ಕೈ ಒರೆಸಿಕೊಂಡೆ. ಆ ಒಂದು ಪುಟ ಮಾತ್ರ ನನ್ನ ಐದು ತಿಂಗಳನ್ನು ತಿಂದು ಹಾಕಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಬಸವಕಲ್ಯಾಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕ. ವಿಭಾಗದಲ್ಲಿ ನಾನೊಬ್ಬನೇ, ಮುಖ್ಯಸ್ಥನೂ ನಾನೇ, ಗಾಜಿನ ಸ್ಲೈಡು ತೊಳೆಯುವವನೂ ನಾನೇ. ಸಣ್ಣ ಊರುಗಳ ಅಧ್ಯಾಪಕರಿಗೆಂದು ದಿಲ್ಲಿಯ ಒಂದು ಕಚೇರಿ ಆ ವರ್ಷ ಸಂಶೋಧನೆಗೆ ಅನುದಾನ ಕೊಡುವುದಾಗಿ ಪ್ರಕಟಣೆ ಹೊರಡಿಸಿತ್ತು. ಅರ್ಜಿದಾರನಿಗೆ ನಲವತ್ತು ತುಂಬಿರಬಾರದು ಎಂಬ ಷರತ್ತಿತ್ತು. ನನಗೆ ಬರುವ ಯುಗಾದಿಯ ಹೊತ್ತಿಗೆ ನಲವತ್ತು. ಅಂದರೆ ಇದು ಮೊದಲ ಅವಕಾಶ, ಕೊನೆಯದೂ ಇದೇ. ಕೈ ತಪ್ಪಿದರೆ ನಿವೃತ್ತಿಯ ತನಕ ಅದೇ ಎಲೆ, ಅದೇ ಬೇರು, ಅದೇ ಹಳದಿ ಬಣ್ಣಕ್ಕೆ ತಿರುಗಿದ ಟಿಪ್ಪಣಿ. ನನ್ನದು ಎಂದು ಹೇಳಿಕೊಳ್ಳುವ ಒಂದು ಕೆಲಸವನ್ನಾದರೂ ಮಾಡಬೇಕೆಂಬ ಆಸೆ ಆಗ ನನಗೆ ಹಸಿವಿನ ಹಾಗೆಯೇ ಇತ್ತು. ಮದುವೆಯ ಮಾತು ಬಂದು, ಕೂತು, ಬೇಸತ್ತು ಎದ್ದು ಹೋದ ವಯಸ್ಸು ಅದು. ಬೇರೆ ಆಸೆಗಳು ಹೆಚ್ಚು ಇರಲಿಲ್ಲ.

ನನ್ನ ವಿಷಯ ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಜೋಳದ ಒಣ ದಂಟಿನ ಸೊಪ್ಪೆ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚುವ ಕಣಜ. ನಮ್ಮ ಕಡೆಯ ಕೆಂಪು ಮುರುಮಿನ, ಸಣ್ಣ ಗರಸು ಕಲ್ಲು ಬೆರೆತ ನೆಲದಲ್ಲಿ ಜೋಳ ಅದರೊಳಗೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆದರೆ ಮಳೆಗಾಲದಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ. ನಾನು ದುಬಲಗುಂಡಿಯವನು. ನನ್ನ ಅವ್ವ ಕೂಲಿಗೆ ಹೋಗುತ್ತಿದ್ದಳು, ಕೂಲಿ ಜೋಳದ ಲೆಕ್ಕದಲ್ಲಿ ಸಿಗುತ್ತಿತ್ತು. ಮಳೆ ಹಿಡಿದ ಮೇಲೆ ಕೇಳಲು ಹೋದರೆ ಗೌಡರ ಮನೆಯಲ್ಲಿ, "ಹಗೇವ ಈಗ ತೆಗ್ಯಂಗಿಲ್ಲವ್ವಾ, ನೀರ ಇಳೀತದ, ದಸರಾಕ್ಕ ಬಾ" ಅನ್ನುತ್ತಿದ್ದರು. ಅದು ನೆಪವೋ ನಿಜವೋ ನನಗೆ ಆಗ ತಿಳಿಯುತ್ತಿರಲಿಲ್ಲ. ನನ್ನ ಅರ್ಜಿಯ ಪ್ರಶ್ನೆಯೂ ಅಷ್ಟೇ: ಮುರುಮಿನ ನೆಲದ ಹಗೇವನ್ನು ಮಳೆಗಾಲದ ನಡುವೆ ತೆರೆದು, ಬೇಕಾದಷ್ಟು ಜೋಳ ತೆಗೆದು, ಮತ್ತೆ ಮುಚ್ಚಿದರೆ ಉಳಿದದ್ದು ಕೆಡುತ್ತದೆಯೇ?

ಪ್ರಾಂಶುಪಾಲರು ಗುಲಬರ್ಗಾ ಕಡೆಯವರು, ಮೆಲುಮಾತಿನವರು, ಸಹಿ ಹಾಕುವ ಮುಂಚೆ ಪೆನ್ನನ್ನು ಮೂರು ಸಲ ಮುಚ್ಚಿ ತೆಗೆಯುವವರು.

"ವಿಷಯ ಛಲೋ ಅದರಿ," ಎಂದರು. "ಆದ್ರ ಇದನ್ನ ಮೊದಲ ಯಾರಾದ್ರೂ ಮಾಡ್ಯಾರಂತ ಗೊತ್ತಾತೋ, ಅರ್ಜಿ ಕಸದ ಬುಟ್ಟಿಗೇ. ಅದರ ಮ್ಯಾಲ ನನ್ನ ಸಹಿನೂ ಇರ್ತದ ನೋಡ್ರಿ. ಎಲ್ಲಾ ಓದಿ ಖಾತ್ರಿ ಮಾಡ್ಕೊಂಡು ಬರ್ರಿ."

ಎಲ್ಲಾ ಓದಿ ಎನ್ನುವುದು ಸುಲಭ. ನಮ್ಮ ಕಾಲೇಜಿನ ಗ್ರಂಥಾಲಯ ಎರಡು ಬೀರು. ಸಂಶೋಧನಾ ಪತ್ರಿಕೆಗಳು ಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ಶನಿವಾರ ಮುಂಜಾನೆಯ ಬಸ್ಸು ಹಿಡಿದರೆ ಹುಮನಾಬಾದ್, ಜಹೀರಾಬಾದ್ ದಾಟಿ ಊಟದ ಹೊತ್ತಿಗೆ ಅಲ್ಲಿನ ದೊಡ್ಡ ಗ್ರಂಥಾಲಯದ ಮೆಟ್ಟಿಲು. ಆ ದಿನ ಸಂಜೆಯ ತನಕ, ಮಾರನೆಯ ದಿನ ಮಧ್ಯಾಹ್ನದ ತನಕ ಓದು. ಆಮೇಲೆ ಮತ್ತೆ ಬಸ್ಸು. ಸೋಮವಾರ ಹತ್ತು ಗಂಟೆಗೆ ಬಿ.ಎಸ್ಸಿ. ಹುಡುಗರ ಮುಂದೆ ಬೇರಿನ ಅಡ್ಡಕೊಯ್ತ.

ಮೊದಲ ಎರಡು ತಿಂಗಳು ನಾನು ಓದಿದ್ದು ಪಠ್ಯಪುಸ್ತಕ ಓದುವ ಹಾಗೆ. ಚೀಟಿ ಬರೆದುಕೊಟ್ಟು ಸಂಪುಟ ತರಿಸಿ, ಲೇಖನದ ಮೊದಲ ಸಾಲಿನಿಂದ ಹಿಡಿದು, ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡಿ, ಚಂದ ಕಂಡ ವಾಕ್ಯವನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು. ಒಂದು ಸಲ ಹೋದರೆ ಮೂರು ಲೇಖನ ಮುಗಿಯುತ್ತಿದ್ದವು, ಹೆಚ್ಚೆಂದರೆ ನಾಲ್ಕು. ಓದಬೇಕಾದವುಗಳ ಪಟ್ಟಿ ಮಾತ್ರ ಪ್ರತಿ ಸಲ ಹತ್ತು ಹೆಸರು ಬೆಳೆಯುತ್ತಿತ್ತು. ಒಂದು ಭಾನುವಾರ ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆರೆದು ನೋಡಿದೆ. ಬರೆದುಕೊಂಡದ್ದೆಲ್ಲ ಲೇಖನಗಳ ಮೊದಲ ಪುಟ! ಧಾನ್ಯ ಅಮೂಲ್ಯ, ಜನಸಂಖ್ಯೆ ಬೆಳೆಯುತ್ತಿದೆ, ಹುಳುಗಳು ಅಪಾಯ. ಒಂಬತ್ತು ಲೇಖಕರು ಒಂಬತ್ತು ಸಲ ಹೇಳಿದ ಒಂದೇ ಮಾತನ್ನು ನಾನು ಒಂಬತ್ತು ಸಲ ನೀಟಾಗಿ ಬರೆದಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಹಂಚಿಕೊಳ್ಳಲು ಪಕ್ಕದ ಸೀಟಿನಲ್ಲಿ ಇದ್ದದ್ದು ಯಾರದೋ ಕೋಳಿ ಬುಟ್ಟಿ.

ಹಾಗೆ ನೋಡಿದರೆ ಊರಿನಲ್ಲೂ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದರೆ ಕನ್ನಡದ ಅಧ್ಯಾಪಕರು ನಗುತ್ತಿದ್ದರು: "ಹಗೇವದಾಗ ಏನ್ ಹುಡುಕ್ತೀರಿ ಸರ್, ನಮ್ಮ ಮುತ್ಯಾನ್ನ ಕೇಳ್ರಿ, ಹೇಳ್ತಾನ." ಕೆಟ್ಟ ಮನಸ್ಸಿನಿಂದ ಅಲ್ಲ. ಅವರಿಗೆ ಅದೊಂದು ನನ್ನ ಚಟ, ಕೆಲವರಿಗೆ ಇಸ್ಪೀಟು ಇರುವ ಹಾಗೆ. ಖಾನಾವಳಿಯಲ್ಲಿ ಉಂಡು ಕೋಣೆಗೆ ಬಂದರೆ ಆ ದಿನದ ಮಾತು ಮುಗಿದಂತೆ. ಕೆಲವು ವಾರ, ಪಾಠದ ಹೊರಗೆ ನಾನು ಆಡಿದ ಮಾತೆಂದರೆ 'ಇನ್ನೊಂದು ಭಕ್ಕರಿ' ಅನ್ನುವುದಷ್ಟೇ.

ಓದುವ ದಾರಿ ಸಿಕ್ಕಿದ್ದು ನಾಚಿಕೆಗೇಡಿನ ಒಂದು ಅಭ್ಯಾಸದಿಂದ. ಹದಿನಾರು ವರ್ಷದವರೆಗೆ ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ನಿಜಾಮರ ಕಾಲ, ಬೀಜಗಣಿತ, ಭೂಗೋಳ, ರಸಾಯನಶಾಸ್ತ್ರ ಎಲ್ಲ ಉರ್ದು. ಆ ಪುಸ್ತಕಗಳು ಬಲಗಡೆಯಿಂದ ತೆರೆಯುತ್ತವೆ, ಕನ್ನಡ ಇಂಗ್ಲಿಷಿನವರ ಲೆಕ್ಕದಲ್ಲಿ ಹಿಂದುಗಡೆಯಿಂದ. ಕನ್ನಡ ನಾನು ಆಮೇಲೆ, ಮೀಸೆ ಬಂದ ಮೇಲೆ ಕಲಿತದ್ದು. ಕೈಗೆ ಮಾತ್ರ ಹಳೆಯದೇ ರೂಢಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಜರಿ ಪುಸ್ತಕವನ್ನು ಹಿಂದಿನಿಂದ ತೆರೆದಾಗ ತರಗತಿಯೆಲ್ಲ ನಕ್ಕಿತ್ತು. ಅಂದಿನಿಂದ ನಾಲ್ಕು ಜನರ ಎದುರಿಗೆ ಪುಸ್ತಕ ಹಿಡಿಯುವಾಗ ಎಚ್ಚರದಿಂದಿರುತ್ತಿದ್ದೆ. ಆ ಶನಿವಾರ ಓದುವ ಕೋಣೆಯಲ್ಲಿ ಯಾರೂ ಇರಲಿಲ್ಲ, ನನಗೂ ದಣಿವಾಗಿತ್ತು. ಕೈ ತನ್ನಷ್ಟಕ್ಕೆ ತಾನು ಸಂಪುಟವನ್ನು ಹಿಂದಿನಿಂದ ತೆರೆಯಿತು. ಎದುರಿಗೆ ಬಂದದ್ದು ಲೇಖನದ ಕೊನೆಯ ಪುಟ: ಲೇಖಕ ಯಾರ್ಯಾರನ್ನು ಓದಿದ್ದಾನೆ ಎಂಬ ಪಟ್ಟಿ. ಅದರ ಹಿಂದಿನ ಪುಟದಲ್ಲಿ ಅವನು ಕಂಡುಕೊಂಡದ್ದೇನು ಎಂಬ ನಾಲ್ಕು ಸಾಲು. ಅದಕ್ಕೂ ಹಿಂದೆ ಕೋಷ್ಟಕ. ಹದಿನೈದು ನಿಮಿಷದಲ್ಲಿ ಆ ಲೇಖನ ನನಗೆ ಬೇಕೋ ಬೇಡವೋ ತಿಳಿದುಹೋಯಿತು.

ಅವತ್ತಿನಿಂದ ಹಾಗೇ ಓದಿದೆ. ಮೊದಲು ಕೊನೆಯ ಪಟ್ಟಿ, ಆಮೇಲೆ ತೀರ್ಮಾನ, ಆಮೇಲೆ ಕೋಷ್ಟಕ, ಬೇಕೆನಿಸಿದರೆ ಮಾತ್ರ ಪ್ರಯೋಗ ಮಾಡಿದ ಬಗೆ. ಮೊದಲ ಪುಟದ ಗೊಡವೆಗೇ ಹೋಗಲಿಲ್ಲ. ಪ್ರಾಕ್ಟಿಕಲ್ ಹಾಳೆಗಳನ್ನು ನಾಲ್ಕು ತುಂಡು ಮಾಡಿ ಕಾರ್ಡಿನಂತೆ ಇಟ್ಟುಕೊಂಡೆ. ಒಂದು ಲೇಖನಕ್ಕೆ ಒಂದು ತುಂಡು, ಅದರಲ್ಲಿ ನಾಲ್ಕೇ ತಲೆಬರಹ: ನೆಲ ಯಾವುದು, ಮುಚ್ಚಿದ್ದು ಯಾವಾಗ, ತೆರೆದದ್ದು ಯಾವಾಗ, ಮಳೆ ಬಿದ್ದಿತ್ತೇ. ನಾಲ್ಕಕ್ಕೂ ಉತ್ತರ ಕೊಡದ ಲೇಖನಕ್ಕೆ ಒಂದು ಸಾಲು ಬರೆದು ಸಂಪುಟ ಮುಚ್ಚುವುದು, ಅದು ಎಷ್ಟು ದೊಡ್ಡವರದೇ ಇರಲಿ. ಆ ಎರಡು ದಿನದಲ್ಲಿ ಹದಿನೆಂಟು ಲೇಖನ ಮುಗಿದವು. ಸಂತೋಷ ತಡೆಯಲಾಗಲಿಲ್ಲ. ಎದುರಿನ ಹೋಟೆಲಿಗೆ ಹೋಗಿ ಕೂತು, ಯಾರಿಗೆ ಹೇಳುವುದೆಂದು ತಿಳಿಯದೆ, ಇನ್ನೊಂದು ಚಹಾ ತರಿಸಿಕೊಂಡು ಕುಡಿದೆ.

ಕಾರ್ಡುಗಳ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಇಟ್ಟಿದ್ದೆ. ಕೊನೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಹೆಸರಿಗೆ ಒಂದೊಂದು ಗೀಟು. ಮೂರು ವಾರದಲ್ಲಿ ಒಂದು ಹೆಸರಿನ ಮುಂದೆ ಗೀಟುಗಳ ಬೇಲಿಯೇ ಎದ್ದಿತು. ಅವರು ಉತ್ತರದ ಕಡೆಯ ದೊಡ್ಡ ಪ್ರೊಫೆಸರು, ಧಾನ್ಯ ಸಂಗ್ರಹಣೆಯಲ್ಲಿ ಅವರ ಮಾತೇ ಕಡೆಯ ಮಾತು. ಎಲ್ಲರೂ ಹೆಸರಿಸಿದ್ದ ಅವರ ಲೇಖನವನ್ನು ತರಿಸಿ, ಗೌರವಕ್ಕೆಂದು, ಮೊದಲ ಪುಟದಿಂದ ಓದಿದೆ. ನಡುವಿನಲ್ಲೊಂದು ವಾಕ್ಯ ಇತ್ತು: ದಖ್ಖಣದ ಮುರುಮಿನ ನೆಲದ ಹಗೇವುಗಳನ್ನು ಜೂನ್ ಮಧ್ಯದಲ್ಲಿ, ಮುಂಗಾರು ಆರಂಭವಾದ ಮೇಲೆ, ತೆರೆದು ಮತ್ತೆ ಮುಚ್ಚಿದಾಗಲೂ ಧಾನ್ಯಕ್ಕೆ ಹಾನಿಯಾಗಿಲ್ಲ ಎಂಬುದು ಈಗಾಗಲೇ ಸಾಬೀತಾಗಿದೆ.

ನನ್ನ ಪ್ರಶ್ನೆಗೆ ನಾನು ಕೇಳುವ ಎಷ್ಟೋ ಮುಂಚೆಯೇ ಯಾರೋ ಉತ್ತರ ಕೊಟ್ಟು ಮುಗಿಸಿದ್ದರು. ಸಂಪುಟ ಹಿಂದಿರುಗಿಸಿ ಅವತ್ತೇ ಬಸ್ಸು ಹತ್ತಿದೆ. ಮುಂದಿನ ನಾಲ್ಕು ವಾರ ಹೈದರಾಬಾದಿಗೆ ಹೋಗಲಿಲ್ಲ. ಪ್ರಾಂಶುಪಾಲರು ಎದುರಾದಾಗ "ಓದು ಎಲ್ಲೀತನಕ ಬಂತ್ರಿ?" ಎಂದು ಕೇಳಿದರೆ "ನಡದದರಿ" ಅನ್ನುತ್ತಿದ್ದೆ. ದಸರೆ ಬಂತು, ಹೋಯಿತು. ರಜೆಯಲ್ಲಿ ಉಳಿದ ಅಧ್ಯಾಪಕರು ಊರಿಗೆ ಹೋದರು. ನನಗೆ ದುಬಲಗುಂಡಿಯಲ್ಲಿ ಅವ್ವ ಹೋದ ಮೇಲೆ ಹೋಗುವ ಮನೆ ಇರಲಿಲ್ಲ. ಖಾಲಿ ಕಾಲೇಜಿನ ಲ್ಯಾಬಿನಲ್ಲಿ ಕೂತು ಸ್ಲೈಡು ಒರೆಸುತ್ತಿದ್ದೆ. ಅಷ್ಟು ಒಂಟಿಯೆಂದು ನನಗೆ ಅನ್ನಿಸಿದ್ದು ಜೀವನದಲ್ಲಿ ಎರಡೇ ಸಲ, ಅದರಲ್ಲಿ ಇದು ಒಂದು.

ರಜೆಯ ಕೊನೆಗೆ ಕಾರ್ಡುಗಳನ್ನು ಕಟ್ಟಿಡಲು ಕೂತೆ. ಕಟ್ಟುವ ಮೊದಲು ಎಲ್ಲ ತಲೆಬರಹಗಳನ್ನೂ ತುಂಬಿಬಿಡೋಣ ಎಂದು ಆ ಪ್ರೊಫೆಸರರ ಕಾರ್ಡು ಹಿಡಿದೆ. ನೆಲ: ಮುರುಮು. ತೆರೆದದ್ದು: ಜೂನ್. ಮಳೆ ಬಿದ್ದಿತ್ತೇ: ಹೌದು. ಇಲ್ಲಿ ಕೈ ನಿಂತಿತು. ಮಳೆ ಬಿದ್ದದ್ದನ್ನು ನೋಡಿದವರು ಯಾರು? ಪ್ರೊಫೆಸರು ಈ ಕಡೆ ಬಂದವರಲ್ಲ. ಆ ವಾಕ್ಯದ ತುದಿಗೆ ಸಣ್ಣದೊಂದು ಅಂಕಿ ಇದ್ದದ್ದು ನೆನಪಾಯಿತು. ಅಂದರೆ ಅದು ಅವರ ಮಾತಲ್ಲ, ಯಾರಿಂದಲೋ ತಂದದ್ದು. ಅಷ್ಟೂ ಲೇಖನಗಳನ್ನು ಹಿಂದಿನಿಂದ ಓದಿದ ನಾನು ಅದೊಂದನ್ನು ಮಾತ್ರ ಮುಂದಿನಿಂದ ಓದಿ, ನಡುವೆಯೇ ಎದೆಯೊಡೆದು, ಕೊನೆಯ ಪುಟ ನೋಡದೆ ಎದ್ದು ಬಂದಿದ್ದೆ.

ಮರುವಾರ ಹೋಗಿ ಕೊನೆಯ ಪುಟ ನೋಡಿದೆ. ಆ ಅಂಕಿಗೆ ಇದ್ದ ವಿವರ: ನಿಜಾಮ್ ಸರ್ಕಾರದ ವ್ಯವಸಾಯ ಇಲಾಖೆಯ ಒಂದು ಹಳೆಯ ವರದಿ, ಉರ್ದು. ಅದೇ ಗ್ರಂಥಾಲಯದ ಕೆಳಗಿನ ಅಂತಸ್ತಿನಲ್ಲಿ ಉರ್ದು ವಿಭಾಗವಿತ್ತು. ಅಲ್ಲಿನ ಮುದಿ ನೌಕರ ಚೀಟಿ ನೋಡಿ ನನ್ನ ಮುಖ ನೋಡಿದ.

"ಯೇ ಅಬ್ ಕೌನ್ ಪಡತಾ ಸಾಬ್?" ಎಂದ. ಇದನ್ನು ಈಗ ಯಾರು ಓದುತ್ತಾರೆ ಎಂದು.

"ಮೈ ಪಡತೂಂ," ಎಂದೆ. ನಾನು ಓದುತ್ತೇನೆ. ಎಷ್ಟೋ ವರ್ಷದ ಮೇಲೆ ಆ ಭಾಷೆ ಬಾಯಿಗೆ ಬಂದು, ಬಂದದ್ದಕ್ಕೆ ನನಗೇ ಹಿತವಾಯಿತು.

ತೆಳ್ಳನೆಯ ವರದಿ. ಧೂಳು ಒರೆಸಿ ಬಲಗಡೆಯಿಂದ ತೆರೆದೆ. ಈ ಪುಸ್ತಕಕ್ಕೆ ಅದೇ ಸರಿಯಾದ ಕಡೆ. ಬರೆದವನು ಹುಮನಾಬಾದ್ ಕಡೆ ಕೆಲಸದಲ್ಲಿದ್ದ ಒಬ್ಬ ಓವರ್‌ಸಿಯರ್. ಹಗೇವುಗಳನ್ನು ಬಹಮನ್ ತಿಂಗಳಲ್ಲಿ ಮುಚ್ಚಿಸಿ, ಖುರ್ದಾದ್ ತಿಂಗಳ ಕೊನೆಯ ವಾರದಲ್ಲಿ ತೆರೆಸಿದ್ದ. ನಿಜಾಮರ ಸರ್ಕಾರದಲ್ಲಿ ತಿಂಗಳುಗಳಿಗೆ ಇಂಥ ಫಾರಸಿ ಹೆಸರುಗಳಿದ್ದವು. ವರದಿ ಪೂರ್ತಿ ಓದಿದೆ. ಎಲ್ಲಿಯೂ ಮಳೆಯ ಹೆಸರೇ ಇಲ್ಲ. ಬದಲಿಗೆ, ಬಾಯಿ ಮುಚ್ಚಿದ ಕಲ್ಲು ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆಂದು ನಸುಕಿನಲ್ಲೇ ಕೆಲಸ ಹಿಡಿದದ್ದು, ಕೂಲಿಯವರು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡದ್ದು ಇತ್ತು. ಜೂನ್ ಮಧ್ಯದಲ್ಲಿ ನಮ್ಮ ಕಡೆ ಯಾರೂ ತಲೆಗೆ ಒದ್ದೆ ಬಟ್ಟೆ ಸುತ್ತುವುದಿಲ್ಲ.

ಹಾಗಾದರೆ ಖುರ್ದಾದ್ ಎಂದರೆ ಯಾವ ತಿಂಗಳು? ಹುಡುಗನಾಗಿದ್ದಾಗ ಹನ್ನೆರಡೂ ಹೆಸರನ್ನು ರಾಗವಾಗಿ ಹೇಳುತ್ತಿದ್ದೆ. ಬಸ್ಸಿನಲ್ಲಿ ಬೆರಳು ಮಡಚುತ್ತಾ ಎಣಿಸಿದೆ. ಒಮ್ಮೆ ಏಪ್ರಿಲ್ ಬಂತು, ಒಮ್ಮೆ ಮೇ, ಒಂದು ಸಲ ನಡುವೆ ಒಂದು ಹೆಸರು ಬಿಟ್ಟು ಮಾರ್ಚ್ ಬಂತು. ಬಸ್ಸು ಹುಮನಾಬಾದಿನಲ್ಲಿ ನಿಂತಾಗ ಚೀಲ ಎತ್ತಿಕೊಂಡು ಇಳಿದುಬಿಟ್ಟೆ. ಅಲ್ಲಿ ನನಗೆ ವಿಜ್ಞಾನ ಕಲಿಸಿದ ಮಾಸ್ತರರಿದ್ದರು.

ಧೋತರ, ಕರಿ ಟೋಪಿಯ ಮಾಸ್ತರರು ಉರ್ದುವಿನಲ್ಲಿ ವಿಜ್ಞಾನ ಕಲಿಸುವುದರಲ್ಲಿ ಆ ಕಾಲಕ್ಕೆ ಎತ್ತಿದ ಕೈ. ರಾಜ್ಯ ಬದಲಾಗಿ ಶಾಲೆ ಕನ್ನಡವಾದ ಮೇಲೆ ಅವರಿಗೆ ವಿಜ್ಞಾನ ತಪ್ಪಿ ಡ್ರಾಯಿಂಗ್ ಬಂತು. ನಿವೃತ್ತಿಯ ತನಕ ಹುಡುಗರಿಂದ ಮಾವಿನಕಾಯಿಯ ಚಿತ್ರ ಬರೆಸಿದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ನೋಡಲು ಹೋಗದೆ ಆರೇಳು ವರ್ಷವಾಗಿತ್ತು. ಅದಕ್ಕೆ ನನ್ನ ಬಳಿ ಯಾವ ನೆಪವೂ ಇಲ್ಲ.

"ಬಾ, ಬಾ, ಕೂಡು," ಎಂದರು. ಏನು ಎಂದು ಕೇಳಲಿಲ್ಲ. ನಾನೇ ವಿಷಯ ಹೇಳಿದೆ.

"ಖುರ್ದಾದ್?" ಎಂದು ಕಣ್ಣು ಸಣ್ಣ ಮಾಡಿದರು. "ಖುರ್ದಾದ್ ಅಂದ್ರ ಮುಂಜಾನಿ ಸಾಲಿ ಇರೂ ತಿಂಗಳಲ್ಲೇನೋ? ಬಿಸಿಲಿಗಿ ನಡೂ ದಿನ ಸಾಲಿ ಇಡ್ಲಿಕ್ಕ ಆಗ್ತಿದ್ದಿಲ್ಲ. ನೀ ದುಬಲಗುಂಡಿಯಿಂದ ನಡಕೋತ ಬಂದು, ಗಡಿಗ್ಯಾಗಿನ ನೀರೆಲ್ಲಾ ನೀನೇ ಕುಡೀತಿದ್ದಿ. ಮರತಿ?"

"ಹಂಗಾದ್ರ ಏಪ್ರಿಲ್ ಏನ್ರಿ, ಮಾಸ್ತರ್?"

"ಏಪ್ರಿಲ್ ಸುರು ಆದ ಮ್ಯಾಲ ಹತ್ತೂದು, ಮೇ ಸುರು ಆಗೂತನಕ. ಆಜೂರ್, ದೈ, ಬಹಮನ್, ಇಸ್ಫಂದಾರ್..." ಮಾಸ್ತರರು ರಾಗ ಹಿಡಿದು ಎಣಿಸುತ್ತಾ ಹೋದರು. ಆರನೆಯ ಹೆಸರಿಗೆ ನಾನೂ ದನಿಗೂಡಿಸಿದೆ. ನನ್ನ ಬಾಯಿ ತಪ್ಪಿದ ಕಡೆ ಅವರ ಬಾಯಿ ತಪ್ಪಲಿಲ್ಲ.

"ಆ ಪ್ರೊಫೆಸರರು ಜೂನ್ ಅಂತ ಹ್ಯಾಂಗ ಬರದ್ರು ಅಂತೀನಿ," ಎಂದೆ.

"ಇರಾನದ ಲೆಕ್ಕ ಹಿಡದಾರ ಅವರು. ಅಲ್ಲಿ ವರ್ಷ ಸುರು ಆಗೂದೇ ಬ್ಯಾರೆ. ನಮ್ಮ ಸರ್ಕಾರ ಅಲ್ಲಿಂದ ಬರೇ ಹೆಸರ ತಂತು, ಲೆಕ್ಕ ತನ್ನದೇ ಇಟ್ಟಿತ್ತು. ಇದು ಇಲ್ಲಿ ಉಂಡು ಬೆಳದವರಿಗೇ ಮಾಲೂಮ್. ಯಾವುದೋ ಡಿಕ್ಷನರಿ ತೆಗದು ನೋಡ್ಯಾರ, ಜೂನ್ ಅಂತ ಬರದಾರ. ಜೂನ್ ಅಂದ ಮ್ಯಾಲ ಮಳಿ ಬಂದಿರಬೇಕಂತ ಅವರೇ ಮಳಿನೂ ಸುರಿಸ್ಯಾರ."

ಇಬ್ಬರೂ ನಕ್ಕೆವು. ನಾನು ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ಹಗೇವು ತೆರೆದದ್ದು ಕಡು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಯಾರೂ ತೆರೆದೇ ಇಲ್ಲ, ನೋಡಿಯೇ ಇಲ್ಲ. ಪ್ರಶ್ನೆ ಇನ್ನೂ ನನ್ನದೇ.

ಮಾಸ್ತರರು ಎದ್ದು ಟ್ರಂಕಿನಿಂದ ತಮ್ಮ ಮೆಟ್ರಿಕ್ ಸರ್ಟಿಫಿಕೇಟು ತೆಗೆದರು. ಅದರಲ್ಲಿ ಒಂದೇ ದಿನಕ್ಕೆ ಎರಡೂ ಲೆಕ್ಕದ ತಾರೀಖು ಅಚ್ಚಾಗಿತ್ತು, ಖುರ್ದಾದ್ ಒಂದು ಕಡೆ, ಏಪ್ರಿಲ್ ಇನ್ನೊಂದು ಕಡೆ. ಬಾಯಿಮಾತಲ್ಲದ ಆಧಾರವೊಂದು ಸಿಕ್ಕಿತು.

ಆಮೇಲಿನ ಆರು ಭಾನುವಾರ ನಾನು ಹುಮನಾಬಾದಿನಲ್ಲಿಯೇ ಕಳೆದೆ. ಕೆಳಗಿನ ಅಂತಸ್ತಿನಲ್ಲಿ ಅಂಥ ವರದಿಗಳು ಇನ್ನೂ ನಾಲ್ಕಿದ್ದವು. ಶನಿವಾರ ಅವುಗಳನ್ನು ಕೈಯಿಂದ ನಕಲು ಮಾಡಿಕೊಂಡು ಬರುವುದು, ಭಾನುವಾರ ಮಾಸ್ತರರ ಪಡಸಾಲೆಯಲ್ಲಿ ಅನುವಾದ. ನನ್ನ ಉರ್ದು ಹತ್ತನೇ ಈಯತ್ತೆಗೆ ನಿಂತದ್ದು. ರುತೂಬತ್ ಎಂದರೆ ತೇವ ಎಂದು ಗೊತ್ತಿತ್ತು. ಧಾನ್ಯದೊಳಗಿನ ತೇವಕ್ಕೂ ಗಾಳಿಯ ತೇವಕ್ಕೂ ಆ ಓವರ್‌ಸಿಯರ್ ಬೇರೆ ಬೇರೆ ಪದ ಬಳಸಿದ್ದ, ಅದು ನನಗೆ ತಿಳಿದಿರಲಿಲ್ಲ. ಮಾಸ್ತರರು ಒಂದೊಂದು ಪದಕ್ಕೂ ನಿಂತು, ಹಳೆಯ ಪಠ್ಯಪುಸ್ತಕ ತೆಗೆದು, ಖಾತ್ರಿಯಾದ ಮೇಲೇ ಮುಂದೆ ಹೋಗುತ್ತಿದ್ದರು. ನಾನು ಅವಸರ ಮಾಡಿದರೆ "ಜರಾ ತಡಿ" ಅನ್ನುತ್ತಿದ್ದರು. ಮಧ್ಯಾಹ್ನ ಇಬ್ಬರೂ ಸೇರಿ ಭಕ್ಕರಿ, ಪುಂಡಿಪಲ್ಯ. ಆ ವರ್ಷದ ಒಂಟಿತನದಲ್ಲಿ ಆ ಆರು ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಏಳನೆಯ ಕಾಲಂ ಬರೆದು ಪ್ರಾಂಶುಪಾಲರಿಗೆ ಕೊಟ್ಟೆ. ಓದುತ್ತಾ ಓದುತ್ತಾ ಅವರ ಪೆನ್ನು ಮುಚ್ಚಿಕೊಂಡಿತು.

"ಇಷ್ಟು ದೊಡ್ಡ ಮನುಷ್ಯಾರು ತಪ್ಪು ಮಾಡ್ಯಾರಂತ ಬರದೀರಲ್ರಿ. ನಾಳಿ ಈ ಅರ್ಜಿ ಓದೋರು ಅವರೇ ಇದ್ರ?"

"ಇದ್ರ ಇರಲ್ರಿ."

"ಸುಮ್ಮ ಹೀಂಗ ಬರೀರಿ: ಮಳಿಗಾಲದ ಬಗ್ಗೆ ಇನ್ನಾ ಹೆಚ್ಚಿನ ಅಭ್ಯಾಸ ಬೇಕಾಗ್ಯದ. ಯಾರಿಗೂ ನೋವಿಲ್ಲ."

ಎರಡು ದಿನ ಯೋಚಿಸಿದೆ. ಅವರ ಸಲಹೆ ಜಾಣತನದ್ದೇ. ಆದರೆ ಹಾಗೆ ಬರೆದರೆ ಓದಿದವರು, 'ಜೂನಿನಲ್ಲಿ ಆಗಲೇ ನೋಡಿದ್ದಾರಲ್ಲ, ಇನ್ನೇನು ಬೇಕು' ಎಂದು ಪಕ್ಕಕ್ಕಿಡುತ್ತಾರೆ. ಅಷ್ಟು ದಿನದ ಓದಿನಿಂದ ನನಗೆ ಸಿಕ್ಕಿದ್ದು ಅದೊಂದೇ ಮಾತು. ತಪ್ಪು ಎಂಬ ಪದ ಬಳಸದೆ, ತಿಂಗಳ ಲೆಕ್ಕವನ್ನು ಬಿಡಿಸಿ, ವರದಿಯ ಆ ಪುಟದ ಅನುವಾದವನ್ನೂ ಸರ್ಟಿಫಿಕೇಟ್‌ನ ನಕಲನ್ನೂ ಲಗತ್ತಿಸಿದೆ. ಪ್ರಾಂಶುಪಾಲರು ಪೆನ್ನನ್ನು ಮೂರರ ಬದಲು ಆರು ಸಲ ಮುಚ್ಚಿ ತೆಗೆದು ಸಹಿ ಹಾಕಿದರು.

ನಮೂನೆಯ ಕೊನೆಯ ಪುಟದಲ್ಲಿ 'ಸಹಸಂಶೋಧಕರು' ಎಂಬ ಕಾಲಂ ಇತ್ತು. ಅಲ್ಲಿ ಮಾಸ್ತರರ ಹೆಸರು ಬರೆದೆ. ಅದೇನು ಉಪಕಾರವಲ್ಲ, ಉಳಿದ ವರದಿಗಳ ಕೆಲಸ ಅವರಿಲ್ಲದೆ ಮುಂದೆ ಸಾಗುವಂತಿರಲಿಲ್ಲ. ಹೇಳಿದಾಗ ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ನನ್ನ ಹೆಸರ? ದಿಲ್ಲಿಗಿ?" ಎಂದರು. ಟೋಪಿಯನ್ನು ಮತ್ತೆ ತಲೆಗಿಟ್ಟುಕೊಳ್ಳುತ್ತಾ, "ಡ್ರಾಯಿಂಗ್ ಮಾಸ್ತರ್ ಅಂತ ಬರದಿಲ್ಲಲ್ಲ?" ಎಂದು ಕೇಳಿದರು.

"ವಿಜ್ಞಾನ ಶಿಕ್ಷಕರು ಅಂತ ಬರದೀನ್ರಿ."

ಯುಗಾದಿ ದಾಟಿ, ನನಗೆ ನಲವತ್ತು ತುಂಬಿ, ಬಿಸಿಲು ಏರಿದ ಮೇಲೆ ದಿಲ್ಲಿಯ ಪತ್ರ ಬಂತು. ಅನುದಾನ ಮಂಜೂರಾಗಿತ್ತು. ಅರ್ಜಿಯನ್ನು ಯಾರು ಓದಿದರು, ಆ ಪ್ರೊಫೆಸರರು ಓದಿದರೇ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಡಬಿಯ ಒಬ್ಬ ರೈತ ತನ್ನ ಎರಡು ಹಗೇವುಗಳನ್ನು ಪ್ರಯೋಗಕ್ಕೆ ಬಿಟ್ಟುಕೊಡಲು ಒಪ್ಪಿದ್ದ. ಇನ್ನೇನು ಮಳೆ ಬರುವುದೊಂದೇ ಬಾಕಿ. ಪತ್ರದ ಕೊನೆಗೆ ಒಂದು ಷರತ್ತಿತ್ತು. ಸಹಸಂಶೋಧಕರೆಂದು ನಮೂದಿಸಿದವರಿಗೆ ಮಾನ್ಯತೆಯುಳ್ಳ ಪದವಿ ಇಲ್ಲವಾದ್ದರಿಂದ ಆ ಹೆಸರನ್ನು ತೆಗೆದು, ತಿದ್ದಿದ ಕಡೆ ಅರ್ಜಿದಾರ ಸಹಿ ಮಾಡಿ, ಜೊತೆಗಿಟ್ಟ ಪುಟವನ್ನು ಹದಿನೈದು ದಿನದೊಳಗೆ ಹಿಂದಿರುಗಿಸಬೇಕು. ತಪ್ಪಿದರೆ ಕಡತ ಮುಚ್ಚಲಾಗುವುದು.

ಪ್ರಾಂಶುಪಾಲರು ಪುಟವನ್ನು ನನ್ನ ಕಡೆ ಸರಿಸಿದರು. "ಒಂದು ಗೆರಿ ಎಳದು ಸಹಿ ಮಾಡ್ರಿ. ಪಾಪ, ಅವರಿಗೆ ಇದೆಲ್ಲಾ ಏನ್ ಬೇಕಾಗ್ಯದ."

ವಾದಿಸಬಹುದಿತ್ತು. ಆ ಹೆಸರಿಲ್ಲದೆ ಏಳನೆಯ ಕಾಲಮ್ಮೇ ಇರುತ್ತಿರಲಿಲ್ಲ ಎಂದು ಒಂದು ಪತ್ರ ಬರೆಯಬಹುದಿತ್ತು. ಹದಿನೈದು ದಿನ ಇತ್ತು. ಹದಿನೈದು ನಿಮಿಷವೂ ತೆಗೆದುಕೊಳ್ಳದೆ, ಅಲ್ಲೇ, ಅವರ ಮೇಜಿನ ಮೇಲೆಯೇ, ನನ್ನ ಪೆನ್ನಿನಿಂದ ಗೆರೆ ಎಳೆದು ಸಹಿ ಹಾಕಿದೆ. ಕಡತ ಮುಚ್ಚಿಬಿಟ್ಟರೆ ಎಂಬ ಭಯ. ನನಗೆ ಆ ಕೆಲಸ ಬೇಕಿತ್ತು.

ಮುಂದಿನ ಭಾನುವಾರ ಹುಮನಾಬಾದಿಗೆ ಹೋದೆ, ಹೇಳಿಬಿಡಬೇಕೆಂದು. ಮಾಸ್ತರರಿಗೆ ಮಂಜೂರಾದ ಸುದ್ದಿ ಆಗಲೇ ಯಾರಿಂದಲೋ ಮುಟ್ಟಿತ್ತು. ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿದ್ದರು. ಚಾಪೆಯ ಮೇಲೆ ಎರಡು ನೋಟ್‌ಬುಕ್ಕು. ಉರ್ದು ವಿಜ್ಞಾನದ ಪದಗಳನ್ನೆಲ್ಲ ಸಾಲಾಗಿ ಬರೆದು, ಎದುರಿಗೆ ಕನ್ನಡದ ಅರ್ಥವನ್ನು ದುಂಡಗಿನ ಅಕ್ಷರದಲ್ಲಿ ತುಂಬಿದ್ದರು. ಕೆಲಸಕ್ಕೆ ಬೇಕಾಗುತ್ತದೆಂದು ಬೇಸಿಗೆಯೆಲ್ಲ ಕೂತು ಮಾಡಿದ್ದು.

"ಮಳಿ ಹತ್ತಿದ ಕೂಡಲೇ ಮುಡಬಿಗಿ ಹೋಗೂದಲ್ಲೇನು?" ಎಂದರು. "ನಾನೂ ಬರ್ತೀನಿ. ನಡಿಯಾಕ ಬರ್ತದ ನನಗ, ಫಿಕರ್ ಮಾಡಬ್ಯಾಡ."

"ಬರ್ರಿ, ಮಾಸ್ತರ್," ಎಂದೆ.

"ಮತ್ತ, ಆ ಕಾಗದದಾಗ ನನ್ನ ಹೆಸರ ಯಾವುದರಾಗ ಬರದಿದ್ದಿ? ಇಂಗ್ಲಿಷ್‌ದಾಗೇನು?"

"ಹೌದ್ರಿ. ಇಂಗ್ಲಿಷ್‌ದಾಗ."

"ಹ್ಯಾಂಗ ಕಾಣಸ್ತದೋ ಏನೋ. ನಾ ಯಾವತ್ತೂ ನೋಡಿಲ್ಲ. ಇಲ್ಲಿ ಒಮ್ಮೆ ಬರದು ತೋರಸು," ಎಂದು ಒಂದು ನೋಟ್‌ಬುಕ್ಕಿನ ಖಾಲಿ ಪುಟ ತೆರೆದು ನನ್ನ ಮುಂದಿಟ್ಟರು.

ಕಿಸೆಯಿಂದ ಪೆನ್ನು ತೆಗೆದೆ. ಪೂರ್ತಿ ಹೆಸರು, ಅದರ ಕೆಳಗೆ ವಿಜ್ಞಾನ ಶಿಕ್ಷಕರು ಎಂದು, ಅರ್ಜಿಯಲ್ಲಿ ಇದ್ದ ಹಾಗೆಯೇ ಬರೆದೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಪುಟವನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಛಲೋ ಕಾಣಸ್ತದ," ಎಂದರು.